ಮಗನಿಗೆ ಆಪರೇಷನ್ ಇದೆ. ವಾರ್ಡಿನಲ್ಲಿ ಔಷಧ ತಪ್ಪದ ಹಾಗೆ ನೀವೆಲ್ಲಾ ಹೇಗೆ ನೋಡಿಕೊಳ್ಳುತ್ತೀರಿ?

ಪುಟ್ಟನ ಅಮ್ಮ, ಡೊಂಬಿವಲಿ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಮಗನಿಗೆ 7 ವರ್ಷ. ತೂಕ 14 ಕೆಜಿ. ಸೆರೆಬ್ರಲ್ ಪಾಲ್ಸಿ, ಜೊತೆಗೆ ಫಿಟ್ಸ್. ಮಾತು ಬರುವುದಿಲ್ಲ. ನುಂಗಿದ್ದು ಶ್ವಾಸಕೋಶಕ್ಕೆ ಹೋಗುತ್ತಿತ್ತು ಅಂತ ಎರಡು ವರ್ಷದ ಹಿಂದೆ ಹೊಟ್ಟೆಗೆ ಪೆಗ್ ಟ್ಯೂಬ್ ಹಾಕಿದ್ದಾರೆ. ಊಟ, ನೀರು, ಔಷಧ ಎಲ್ಲಾ ಅದರಲ್ಲೇ. ಮುಂದಿನ ತಿಂಗಳು ಸೊಂಟದ ಕೀಲಿಗೆ ಆಪರೇಷನ್ ಇದೆ, ಆಮೇಲೆ ಆರು ವಾರ ಪ್ಲಾಸ್ಟರ್. ಆಪರೇಷನ್ ಬಗ್ಗೆ ನನಗೆ ಅಷ್ಟು ಭಯ ಇಲ್ಲ. ಸರ್ಜನ್ ಚಿತ್ರ ಬರೆದು ಎಲ್ಲಾ ಬಿಡಿಸಿ ಹೇಳಿದ್ದಾರೆ. ನನಗೆ ಭಯ ಇರುವುದು ವಾರ್ಡಿನದು.

ಕಳೆದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ 9 ದಿನ ಬೇರೆ ಒಂದು ಆಸ್ಪತ್ರೆಯಲ್ಲಿ ಇದ್ದೆವು. ಸೇರಿದ್ದು ರಾತ್ರಿ 11ಕ್ಕೆ. ನಾನು ಕೆಳಗೆ ಡಿಪಾಸಿಟ್ ಕಟ್ಟಲು ಹೋಗಿದ್ದೆ, ಮಗುವಿನ ಹತ್ತಿರ ಅತ್ತೆ ಇದ್ದರು. ಅವರು ಜಮಖಂಡಿ ಕಡೆಯವರು, ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು ಅಷ್ಟೇ. ಡ್ಯೂಟಿ ಡಾಕ್ಟರ್ ಬಂದು ಫಿಟ್ಸ್ ಸಿರಪ್ ಎಷ್ಟು ಕೊಡುತ್ತೀರಿ ಅಂತ ಮರಾಠಿಯಲ್ಲಿ ಕೇಳಿದ್ದಾರೆ. ಅತ್ತೆಗೆ ಎರಡೂವರೆ ಅಂತ ಸರಿಯಾಗಿ ಗೊತ್ತು. ಆದರೆ ಮರಾಠಿಯಲ್ಲಿ ಎರಡೂವರೆಗೆ ‘ಅಡೀಚ’, ಒಂದೂವರೆಗೆ ‘ದೀಡ’ ಅಲ್ವಾ, ಅವರ ಬಾಯಿಗೆ ಬಂದದ್ದು ‘ದೀಡ’. ಡಾಕ್ಟರ್ 1.5 ಎಂಎಲ್ ಅಂತ ಬರೆದುಕೊಂಡರು. ಲೆವೆಟಿರಾಸೆಟಾಮ್ 250 ಎಂಜಿ ಹೋಗಬೇಕಾದ ಕಡೆ 150 ಎಂಜಿ ಹೋಯಿತು, ಅದೂ ಎರಡು ದಿನ. ಮೂರನೇ ದಿನ ಬೆಳಗ್ಗೆ ಒಂದರ ಹಿಂದೆ ಒಂದು ಫಿಟ್ಸ್ ಬಂದಾಗ ಜ್ವರಕ್ಕೆ ಬಂದಿದೆ ಅಂದರು. ನಾನೂ ಹಾಗೇ ಅಂದುಕೊಂಡೆ. ಸಿಸ್ಟರ್ ಸಿರಿಂಜಿನಲ್ಲಿ ಔಷಧ ಎಳೆಯುವಾಗ ಸುಮ್ನೆ ಕಣ್ಣು ಹಾಯಿಸಿದೆ, ಆಗ ಗೊತ್ತಾಯಿತು.

ಅದಾದ ಮೇಲೆ ಇನ್ನೊಂದು. ಜ್ವರದ ಸಿರಪ್ ಮುಗಿಯಿತು ಅಂತ ನನ್ನ ಯಜಮಾನರ ಕೈಗೆ ಚೀಟಿ ಕೊಟ್ಟು ಕಳಿಸಿದರು. ನಾವು ಕೊಡುತ್ತಿದ್ದದ್ದು 5 ಎಂಎಲ್‌ಗೆ 250 ಎಂಜಿ ಇರುವ ಪ್ಯಾರಾಸಿಟಮಾಲ್, 4 ಎಂಎಲ್. ಮೆಡಿಕಲ್‌ನಲ್ಲಿ ಅದು ಇರಲಿಲ್ಲ, ಡ್ರಾಪ್ಸ್ ಕೊಟ್ಟರು, ಇವರು ತಂದರು. ಆ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಎಂಜಿ. ರಾತ್ರಿ 2 ಗಂಟೆಗೆ ಸಿಸ್ಟರ್ ಅದರಲ್ಲೂ 4 ಎಂಎಲ್ ಎಳೆದಿದ್ದರು. ಸಿರಿಂಜ್ ಟ್ಯೂಬಿಗೆ ಸಿಕ್ಕಿಸುವ ಹೊತ್ತಿಗೆ ಬಾಟಲಿ ಬೇರೆ ಬಣ್ಣ ಇದೆಯಲ್ಲ ಅಂತ ನಿಲ್ಲಿಸಿದೆ. ಅವರಿಗೆ ಸಿಟ್ಟು ಬಂತು, ಚಾರ್ಟಿನಲ್ಲಿ 4 ಅಂತಲೇ ಇದೆ ಅಂದರು. ನಿಜ, ಇತ್ತು.

ಯಾರನ್ನೂ ದೂರಲು ಬರೆದದ್ದಲ್ಲ. ಒಬ್ಬ ಸಿಸ್ಟರ್ ಎಷ್ಟು ಮಕ್ಕಳನ್ನು ನೋಡುತ್ತಿದ್ದರು ಅಂತ ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಅವನಿಗೆ ಬೇಡ ಅನ್ನಲು ಬಾಯಿಲ್ಲ, ತುಟಿ ಮುಚ್ಚಿಕೊಳ್ಳೋಣ ಅಂದರೆ ಔಷಧ ಬಾಯಿಯಿಂದ ಹೋಗುವುದೂ ಇಲ್ಲ.

ಈ ಸಲ ಏನು ತಯಾರಿ ಮಾಡಿಕೊಳ್ಳಲಿ? ಜಗಳ ಆಗದ ಹಾಗೆ ಹೇಗೆ ಕೇಳಲಿ? ಆಪರೇಷನ್ ದಿನ ಬೆಳಗ್ಗೆ ಏನೂ ಕೊಡಬೇಡಿ ಅಂದಿದ್ದಾರೆ, ಹಾಗಾದರೆ ಫಿಟ್ಸ್ ಔಷಧದ ಗತಿ ಏನು? ರಾತ್ರಿ ಒಬ್ಬರಿಗೇ ಇರಲು ಬಿಡುತ್ತಾರೆ, ಕೆಲವು ರಾತ್ರಿ ಅತ್ತೆಯೇ ಇರಬೇಕಾಗುತ್ತದೆ.


ವಾರ್ಡ್ ಸಿಸ್ಟರ್, ಠಾಣೆ

ಅಕ್ಕ, ನಾನು ಕಾರ್ಕಳದವಳು. ಮಕ್ಕಳ ವಾರ್ಡಿನಲ್ಲಿ 14 ವರ್ಷ ಆಯಿತು. ನೀವು ಸಿರಿಂಜ್ ನಿಲ್ಲಿಸಿದ್ದು ಸರಿ. ಆ ಸಿಸ್ಟರ್‌ಗೆ ಆ ಹೊತ್ತಿಗೆ ಸಿಟ್ಟು ಬಂದಿರಬಹುದು, ಆದರೆ 400 ಎಂಜಿ ಹೋಗಿದ್ದರೆ, ಆರಾರು ಗಂಟೆಗೆ ಅದೇ ಮುಂದುವರಿದಿದ್ದರೆ, ಅವರಿಗೂ ಜನ್ಮಕ್ಕೆ ಮರೆಯಲು ಆಗುತ್ತಿರಲಿಲ್ಲ. ಸಾಮಾನ್ಯವಾಗಿ ಕೆಜಿಗೆ 15 ಎಂಜಿ ಲೆಕ್ಕ, 24 ಗಂಟೆಯಲ್ಲಿ 4 ಸಲಕ್ಕಿಂತ ಜಾಸ್ತಿ ಇಲ್ಲ. ನಿಮ್ಮ ಮಗನಿಗೆ ಅದರ ಎರಡು ಪಟ್ಟು ಹತ್ತಿರ ಆಗುತ್ತಿತ್ತು. ತೂಕ ಕಡಿಮೆ ಇರುವ, ಸರಿಯಾಗಿ ಊಟ ಸೇರದ ಮಕ್ಕಳ ಲಿವರ್‌ಗೆ ಅದು ಚಿಕ್ಕ ವಿಷಯ ಅಲ್ಲ.

ನೀವು ಹೇಳಿದ ಎರಡೂ ತಪ್ಪಿನಲ್ಲಿ ಒಂದು ಮಾತು ಗಮನಿಸಿ. ಎರಡರಲ್ಲೂ ಎಂಎಲ್ ಮಾತ್ರ ಹೇಳಿದ್ದಾರೆ, ಎಂಜಿ ಯಾರೂ ಹೇಳಿಲ್ಲ. ಎಂಎಲ್ ಅನ್ನುವುದು ನಿಮ್ಮ ಮನೆಯ ಬಾಟಲಿಗೆ ಮಾತ್ರ ಸರಿ. ಬಾಟಲಿ ಬದಲಾದ ಕ್ಷಣ ಅದಕ್ಕೆ ಅರ್ಥ ಇಲ್ಲ. ಹಾಗಾಗಿ ಬಾಯಿಯಲ್ಲಿ ಹೇಳುವುದನ್ನೇ ಬಿಡಿ, ಕಾಗದ ಕೊಡಿ. ಒಂದೇ ಹಾಳೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಯಾಕೆಂದರೆ ಚಾರ್ಟ್ ಬರೆಯುವುದು ಇಂಗ್ಲಿಷಿನಲ್ಲಿ. ಮೇಲೆ ಹೆಸರು, ವಯಸ್ಸು, ತೂಕ, ತೂಕ ನೋಡಿದ ತಾರೀಖು. ಕೆಳಗೆ ಒಂದೊಂದು ಔಷಧಕ್ಕೂ ಒಂದು ಸಾಲು: ಔಷಧದ ಹೆಸರು (ಬ್ರ್ಯಾಂಡ್ ಹೆಸರು ಸಾಲದು), ಬಾಟಲಿಯ ಸ್ಟ್ರೆಂತ್, ಎಷ್ಟು ಎಂಜಿ, ಅದು ಎಷ್ಟು ಎಂಎಲ್, ಯಾವ ಹೊತ್ತಿಗೆ. ಅಲರ್ಜಿ ಇದ್ದರೆ ಕೆಂಪು ಅಕ್ಷರದಲ್ಲಿ. ಪೆಗ್ ಟ್ಯೂಬಿನ ಸೈಜು ಎಷ್ಟು ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ), ಒಳಗೆ ಹಿಡಿದಿಡುವ ಬಲೂನ್ ಇರುವುದಾದರೆ ಅದರಲ್ಲಿ ಎಷ್ಟು ಎಂಎಲ್ ನೀರು. ನ್ಯೂರಾಲಜಿಸ್ಟ್ ನಂಬರ್. ಅದನ್ನು ಒಮ್ಮೆ ನಿಮ್ಮ ಡಾಕ್ಟರಿಗೆ ತೋರಿಸಿ ಸಹಿ, ಸೀಲು ಹಾಕಿಸಿಕೊಳ್ಳಿ. ಅಮ್ಮ ಬರೆದ ಚೀಟಿಗೂ ಸೀಲು ಇರುವ ಕಾಗದಕ್ಕೂ ವಾರ್ಡಿನಲ್ಲಿ ಎಷ್ಟು ವ್ಯತ್ಯಾಸ ಅಂತ ನನಗೆ ಗೊತ್ತು. ಹಾಗಿರಬಾರದು, ಆದರೆ ಇದೆ.

ಆ ಹಾಳೆಯಲ್ಲಿ ಇನ್ನೊಂದು ವಿಷಯ ಖಂಡಿತ ಬರೆಯಿರಿ. ಅವನು ಚೆನ್ನಾಗಿದ್ದಾಗ ಹೇಗಿರುತ್ತಾನೆ? ಆಕ್ಸಿಜನ್ ಎಷ್ಟು ಇರುತ್ತದೆ, ಕಣ್ಣು ನಿಮ್ಮ ಕಡೆ ತಿರುಗಿಸುತ್ತಾನಾ, ದನಿ ಮಾಡುತ್ತಾನಾ, ಕೈ ಯಾವಾಗಲೂ ಬಿಗಿ ಇರುತ್ತದಾ? ಮೊದಲ ಸಲ ನೋಡುವ ನಮಗೆ ಇದು ಅವನ ಮಾಮೂಲಿಯೋ, ಹುಷಾರಿಲ್ಲದ್ದೋ ಗೊತ್ತೇ ಆಗುವುದಿಲ್ಲ. ಫಿಟ್ಸ್ ಹೇಗೆ ಬರುತ್ತದೆ ಅನ್ನುವುದಕ್ಕೆ ಮೊಬೈಲಿನಲ್ಲಿ ವಿಡಿಯೋ ಇಟ್ಟುಕೊಳ್ಳಿ. 5 ನಿಮಿಷ ದಾಟಿದರೆ ಯಾವ ಔಷಧ, ಎಷ್ಟು, ಮೂಗಿಗೋ ನರಕ್ಕೋ ಅಂತ ನ್ಯೂರಾಲಜಿಸ್ಟ್ ಹತ್ತಿರವೇ ಬರೆಸಿಕೊಳ್ಳಿ.

ಆಪರೇಷನ್ ದಿನದ ಪ್ರಶ್ನೆ. ಉಪವಾಸ ಅಂದರೆ ಊಟ, ಹಾಲು ಇಲ್ಲ ಅಂತ. ಫಿಟ್ಸ್ ಔಷಧವನ್ನು ಸಾಮಾನ್ಯವಾಗಿ ಅವತ್ತು ಬೆಳಗ್ಗೆಯೂ ಸ್ವಲ್ಪ ನೀರಿನ ಜೊತೆ ಟ್ಯೂಬಿನಲ್ಲಿ ಕೊಡಿಸುತ್ತಾರೆ. ಆದರೆ ಇದನ್ನು ಹೇಳಬೇಕಾದವರು ಅರಿವಳಿಕೆ ಡಾಕ್ಟರ್, ನಾನಲ್ಲ. ಅವರ ಹತ್ತಿರ ಒಂದೊಂದು ಔಷಧದ ಹೆಸರು ಹಿಡಿದು ಕೇಳಿ, ಇದು ಕೊಡಬೇಕಾ, ಎಷ್ಟು ಗಂಟೆಗೆ, ಅಂತ. ಕೇಸ್ ಪೇಪರಿನಲ್ಲಿ ಬರೆಸಿ. ಅವನ ಔಷಧಗಳಲ್ಲಿ ಬ್ಯಾಕ್ಲೋಫೆನ್ ಇದೆಯಾ? ಸ್ನಾಯು ಬಿಗಿತಕ್ಕೆ ಕೊಡುತ್ತಾರೆ, ತುಂಬಾ ಮಕ್ಕಳಿಗೆ ಇರುತ್ತದೆ. ಇದ್ದರೆ ಅದನ್ನು ಥಟ್ಟನೆ ನಿಲ್ಲಿಸಬಾರದು, ಬಿಗಿತ ಜಾಸ್ತಿ ಆಗಿ ಜ್ವರ, ಫಿಟ್ಸ್ ಎಲ್ಲಾ ಬರಬಹುದು. ಫಿಟ್ಸ್‌ಗೆ ವಾಲ್ಪ್ರೋಯೇಟ್ ಇದ್ದರೆ ಅದನ್ನೂ ಮರೆಯದೆ ಹೇಳಿ. ಕೆಲವು ಮಕ್ಕಳಲ್ಲಿ ಪ್ಲೇಟ್‌ಲೆಟ್ ಇಳಿಸುತ್ತದೆ, ರಕ್ತಸ್ರಾವದ ವಿಷಯ ಇರುವುದರಿಂದ ಮೊದಲೇ ಪರೀಕ್ಷೆ ಮಾಡಿಸುತ್ತಾರೆ.

ಆಮೇಲೆ ನೋವು. ಮಾತು ಬರದ ಮಕ್ಕಳ ನೋವು ವಾರ್ಡಿನಲ್ಲಿ ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮಲ್ಲಿ ಎಫ್‌ಎಲ್‌ಎಸಿಸಿ ಅಂತ ಒಂದು ಅಳತೆ ಇದೆ. ಮುಖ, ಕಾಲು, ಮೈ ಚಲನೆ, ಅಳು, ಸಮಾಧಾನ ಆಗುತ್ತದಾ ಇಲ್ಲವಾ, ಒಂದೊಂದಕ್ಕೂ 0ಯಿಂದ 2, ಒಟ್ಟು 10. ಇದರದ್ದೇ ತಿದ್ದಿದ ರೂಪ ಇದೆ, ಅದರಲ್ಲಿ ತಂದೆ ತಾಯಿ ‘ನನ್ನ ಮಗುವಿಗೆ ನೋವಾದರೆ ಹೀಗೆ ಮಾಡುತ್ತದೆ’ ಅಂತ ಸೇರಿಸಬಹುದು. ನಿಮ್ಮ ಮಗ ನೋವಾದಾಗ ಅಳುತ್ತಾನಾ, ಇಲ್ಲಾ ಸುಮ್ಮನಾಗಿ ಬಿಡುತ್ತಾನಾ? ಸುಮ್ಮನಾಗುವ ಮಗುವಾದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ‘ಮಗು ಶಾಂತವಾಗಿದೆ’ ಅಂತ ನಾವು ಚಾರ್ಟಿನಲ್ಲಿ ಬರೆದು ಮುಂದೆ ಹೋಗುತ್ತೇವೆ. ಪ್ಲಾಸ್ಟರ್ ಒಳಗೆ ಹುಣ್ಣಾಗುತ್ತಿದ್ದರೂ ಹಾಗೇ ಬರೆಯುತ್ತೇವೆ.

ಕೇಳುವುದು ಹೇಗೆ ಅಂದಿರಿ. ‘ತಪ್ಪು ಕೊಡುತ್ತಿದ್ದೀರಿ’ ಅನ್ನಬೇಡಿ. ‘ಸಿಸ್ಟರ್, ಒಂದು ನಿಮಿಷ, ಇದು ಯಾವ ಔಷಧ, ಎಷ್ಟು ಎಂಜಿ, ನನ್ನ ಕಾಗದದ ಜೊತೆ ಒಮ್ಮೆ ನೋಡೋಣವಾ’ ಅನ್ನಿ. ಪ್ರತಿ ಸಲ, ಎಲ್ಲರಿಗೂ, ಒಂದೇ ತರಹ ಕೇಳಿ. ಮೊದಲ ದಿನವೇ ಇದನ್ನು ಶುರು ಮಾಡಿದರೆ ಎರಡನೇ ದಿನಕ್ಕೆ ಅವರೇ ಬಂದು ತೋರಿಸುತ್ತಾರೆ. ಔಷಧ ಎಳೆಯುವ ಹೊತ್ತಿಗೆ ಬೇರೆ ವಿಷಯ ಮಾತಾಡಿಸಬೇಡಿ, ಆಗಲೇ ತಪ್ಪಾಗುವುದು ಜಾಸ್ತಿ.


ಪಿಂಪ್ರಿ ಅಪ್ಪ

ನಮ್ಮದು ಬೇರೆ ಕಥೆ, ಆದರೆ ಇದೇ ಕಥೆ. ಮಗಳಿಗೆ 4 ವರ್ಷ. ಗಂಟಲಿನ ಕೆಳಗೆ ಶ್ವಾಸನಾಳ ಕಿರಿದಾಗಿದೆ, 8 ತಿಂಗಳ ಮಗುವಾಗಿದ್ದಾಗಿನಿಂದಲೇ ಟ್ರಾಕಿಯಾಸ್ಟಮಿ ಟ್ಯೂಬ್, ಅಂದರೆ ಉಸಿರಾಡಲು ಕುತ್ತಿಗೆಯಲ್ಲಿ ತೂತು ಮಾಡಿ ಹಾಕಿದ ಟ್ಯೂಬ್.

ಹೋದ ವರ್ಷ ಒಂದು ರಾತ್ರಿ ಕಫ ಕಟ್ಟಿ ಆಕ್ಸಿಜನ್ ಇಳಿಯಿತು. ಎಮರ್ಜೆನ್ಸಿಗೆ ಓಡಿದೆವು. ಅಲ್ಲಿದ್ದ ಹುಡುಗ ಡಾಕ್ಟರ್ ಮೂಗು ಬಾಯಿಗೆ ಮಾಸ್ಕ್ ಹಾಕಿ ಆಕ್ಸಿಜನ್ ಬಿಟ್ಟರು. ಅವಳು ಉಸಿರಾಡುವುದು ಕುತ್ತಿಗೆಯಿಂದ. ಮೇಲಿನ ದಾರಿ ಹೆಚ್ಚುಕಡಿಮೆ ಮುಚ್ಚಿದೆ, ಅದಕ್ಕೇ ಅಲ್ವಾ ಟ್ಯೂಬ್ ಹಾಕಿದ್ದು. ನಾನು ಕುತ್ತಿಗೆಗೆ ಕೊಡಿ ಕುತ್ತಿಗೆಗೆ ಕೊಡಿ ಅಂತ ಕಿರುಚಿದರೆ ನನ್ನನ್ನು ಹೊರಗೆ ನಿಲ್ಲಿಸಿದರು. ನನ್ನ ಹೆಂಡತಿ ಒಳಗೇ ಇದ್ದಳು, ಅವಳೇ ಮಾಸ್ಕ್ ಕಿತ್ತು ಕುತ್ತಿಗೆಗೆ ಹಿಡಿದು, ಚೀಲದಿಂದ ಹೊಸ ಟ್ಯೂಬ್ ತೆಗೆದು ಬದಲಾಯಿಸಿದಳು. ಹಳೆ ಟ್ಯೂಬಿನ ತೂತು ಗಟ್ಟಿ ಕಫದಿಂದ ಪೂರ್ತಿ ಕಟ್ಟಿತ್ತು.

ಅವತ್ತಿನಿಂದ ಎರಡು ನಿಯಮ. ಒಂದು, ಚೀಲ. ಅದೇ ಸೈಜಿನ ಒಂದು ಟ್ಯೂಬ್, ಅದಕ್ಕಿಂತ ಒಂದು ಸೈಜು ಚಿಕ್ಕದು ಇನ್ನೊಂದು (ಊದಿಕೊಂಡರೆ ದೊಡ್ಡದು ಒಳಗೆ ಹೋಗುವುದಿಲ್ಲ), ಕಟ್ಟುವ ಪಟ್ಟಿ, ಕತ್ತರಿ, ಕಫ ಎಳೆಯುವ ಸಕ್ಷನ್ ಕ್ಯಾಥೆಟರ್, ಸಲೈನ್, ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್. ಮನೆಯ ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೂ ಚೀಲ ಜೊತೆಗೇ. ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗಲೂ ಜೊತೆಗೇ. ವಾರ್ಡಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಸ್ಕ್ಯಾನ್ ರೂಮಿಗೆ, ಆ ದಾರಿಯಲ್ಲಿ ಜೊತೆಗೆ ಬರುವುದು ಒಬ್ಬ ಮಾಮಾ, ಒಬ್ಬ ಮಾವಶಿ (ವಾರ್ಡ್ ಬಾಯ್, ಆಯಾಗೆ ಇಲ್ಲಿ ಹೀಗನ್ನುತ್ತಾರೆ). ಒಳ್ಳೆಯ ಜನ, ಆದರೆ ಟ್ಯೂಬ್ ಬಿದ್ದರೆ ಅವರೇನು ಮಾಡಬೇಕು ಪಾಪ.

ಎರಡು, ಮಂಚದ ತಲೆಯ ಮೇಲೆ ಬೋರ್ಡ್. ಮರಾಠಿ, ಇಂಗ್ಲಿಷ್ ಎರಡರಲ್ಲೂ: ‘ನಾನು ಕುತ್ತಿಗೆಯಿಂದ ಉಸಿರಾಡುತ್ತೇನೆ. ಆಕ್ಸಿಜನ್ ಇಲ್ಲಿಗೆ ಕೊಡಿ.’ ಬಾಣದ ಗುರುತು ಹಾಕಿ ಚಿತ್ರ. ನೀವೂ ಹಾಕಿ. ‘ಬಾಯಿಗೆ ಏನೂ ಕೊಡಬೇಡಿ, ಹೊಟ್ಟೆಯ ಟ್ಯೂಬಿಗೆ ಮಾತ್ರ’ ಅಂತ. ಸಂಜೆ ಪಾಳಿ ಬದಲಾದಾಗ, ಊಟದ ಗಾಡಿ ಬಂದಾಗ, ಪ್ರೀತಿಯಿಂದ ಯಾರಾದರೂ ಬಿಸ್ಕತ್ತು ಬಾಯಿಗಿಟ್ಟಾಗ, ನೀವು ಬಾತ್‌ರೂಮಿನಲ್ಲಿ ಇರಬಹುದು.

ಕರೆಂಟ್ ವಿಷಯ ಕೂಡ. ಸಕ್ಷನ್ ಮಷೀನ್ ಬ್ಯಾಟರಿ ಇರುವುದನ್ನೇ ತೆಗೆದುಕೊಳ್ಳಿ, ಜೊತೆಗೆ ಕಾಲಿನಲ್ಲಿ ಒತ್ತುವ ಒಂದು ಇದ್ದರೆ ಒಳ್ಳೆಯದು. ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಜನರೇಟರ್ ಲಿಫ್ಟಿಗೆ ಮಾತ್ರ ಇತ್ತು. ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದೆ, ನಮ್ಮ ಮನೆಗೊಂದು ಲೈನ್ ಎಳೆದುಕೊಟ್ಟರು.

ನನ್ನ ಮಾತು ಒಂದೇ. ಮಗುವನ್ನು ಒಂದು ನಿಮಿಷವೂ ಬಿಡಬೇಡಿ. ನಿದ್ದೆ ಮಾಡಬೇಡಿ.


ವಾರ್ಡ್ ಸಿಸ್ಟರ್, ಠಾಣೆ

ಅಣ್ಣ, ಉಳಿದದ್ದೆಲ್ಲಾ ಒಪ್ಪುತ್ತೇನೆ, ಕೊನೆಯದನ್ನು ಒಪ್ಪುವುದಿಲ್ಲ. ಮೂರು ರಾತ್ರಿ ನಿದ್ದೆ ಬಿಟ್ಟ ಅಮ್ಮ ನಮ್ಮಷ್ಟೇ ತಪ್ಪು ಮಾಡುತ್ತಾಳೆ. ಒಂದು ಸಲ ಒಬ್ಬ ತಾಯಿ ಬೆಳಗ್ಗೆ 6ಕ್ಕೆ ಅಭ್ಯಾಸಬಲದಲ್ಲಿ ಮನೆಯ ಬಾಟಲಿಯಿಂದ ಔಷಧ ಕೊಟ್ಟಿದ್ದರು, 6:30ಕ್ಕೆ ನಾನು ಚಾರ್ಟ್ ನೋಡಿ ಅದೇ ಔಷಧ ತಂದೆ. ಅವರು ನಿದ್ದೆಗಣ್ಣಿನಲ್ಲಿ ಇದ್ದರು, ಮಾತಾಡಲಿಲ್ಲ. ಮಗು ಇಡೀ ದಿನ ಎಚ್ಚರ ಆಗಲಿಲ್ಲ. ನಾವಿಬ್ಬರೂ ಎಷ್ಟು ಅತ್ತೆವು ಅಂತ ಈಗಲೂ ನೆನಪಿದೆ.

ಹಾಗಾಗಿ ಅಕ್ಕ, ಸೇರುವ ದಿನವೇ ಒಂದು ತೀರ್ಮಾನ ಮಾಡಿಕೊಳ್ಳಿ: ಔಷಧ ಕೊಡುವುದು ನೀವಾ, ಸಿಸ್ಟರಾ? ಒಬ್ಬರೇ. ಮನೆಯ ಬಾಟಲಿಗಳನ್ನು ತೋರಿಸಲು ತನ್ನಿ, ಆಮೇಲೆ ಅವರು ಹೇಳಿದ ಕಡೆ ಇಡಿ. ನೀವು ಕೊಡುವುದಾದರೆ ಕೊಟ್ಟ ತಕ್ಷಣ ಚಾರ್ಟಿನಲ್ಲಿ ಗುರುತು ಹಾಕಿಸಿ. ರಾತ್ರಿ ಪಾಳಿ ಬದಲಾಗುವ ಹೊತ್ತಿಗೆ ಎದ್ದು ಕೂತು ಹೊಸ ಸಿಸ್ಟರಿಗೆ ಹಾಳೆ ತೋರಿಸಿ, ಆಮೇಲೆ ಮಲಗಿ.

ಇನ್ನೊಂದು ಮರೆತಿದ್ದೆ. ಆಪರೇಷನ್ ಆದ ಮೇಲೆ ಮಗುವಿನ ಮೈಮೇಲೆ ಮೂರು ನಾಲ್ಕು ನಳಿಗೆ ಇರುತ್ತವೆ. ಕೈಯಲ್ಲಿ ಐವಿ, ಹೊಟ್ಟೆಯಲ್ಲಿ ಪೆಗ್, ಕೆಲವೊಮ್ಮೆ ಬೆನ್ನಿನಲ್ಲಿ ನೋವಿನ ಔಷಧದ ಲೈನ್. ಹೊಟ್ಟೆಗೆ ಹೋಗಬೇಕಾದ್ದು ರಕ್ತಕ್ಕೆ ಹೋಗಿ ಜೀವ ಹೋದದ್ದು ಬೇರೆ ಬೇರೆ ದೇಶಗಳಲ್ಲಿ ನಡೆದಿದೆ. ಅದಕ್ಕೇ ಐವಿಗೆ ಕೂರದ ಹಾಗೆ ಬೇರೆ ತರಹದ ಮೂತಿ ಇರುವ ಫೀಡಿಂಗ್ ಸಿರಿಂಜ್ ಬಂದಿದೆ, ಎನ್‌ಫಿಟ್ ಅಂತ. ಎಲ್ಲಾ ಕಡೆ ಇನ್ನೂ ಇಲ್ಲ. ಇಲ್ಲದ ಕಡೆ ಒಂದೇ ದಾರಿ: ಪ್ರತಿ ಸಲ ಏನಾದರೂ ಸಿಕ್ಕಿಸುವ ಮುಂಚೆ ನಳಿಗೆಯನ್ನು ಕೈಯಲ್ಲಿ ಹಿಡಿದು ಮೈವರೆಗೆ ಸವರಿ ನೋಡುವುದು. ಪೆಗ್ ತುದಿಗೆ ಬಣ್ಣದ ಟೇಪು ಸುತ್ತಿ ಹೆಸರು ಬರೆಯಿರಿ.


ಮೆಡಿಕಲ್ ಅಂಗಡಿ, ವಾಸ್ಕೋ

ಅಕ್ಕಾರೇ, ನಾನು ಹುಬ್ಬಳ್ಳಿಯವನು, ವಾಸ್ಕೋದಲ್ಲಿ 20 ವರ್ಷದಿಂದ ಔಷಧ ಅಂಗಡಿ ಇದೆ. ನಿಮ್ಮ ಡ್ರಾಪ್ಸ್ ವಿಷಯ ಓದಿ ನನಗೆ ಎದೆ ಧಸಕ್ ಅಂದಿತು, ಯಾಕೆಂದರೆ ಆ ಬಾಟಲಿ ಕೊಡುವವರು ನಾವೇ.

ಪ್ಯಾರಾಸಿಟಮಾಲ್ ಒಂದರಲ್ಲೇ ನನ್ನ ಕಪಾಟಿನಲ್ಲಿ 5 ಎಂಎಲ್‌ಗೆ 120 ಅಥವಾ 125 ಎಂಜಿ ಇರುವುದು, 5 ಎಂಎಲ್‌ಗೆ 250 ಇರುವುದು, 1 ಎಂಎಲ್‌ಗೆ 100 ಇರುವ ಡ್ರಾಪ್ಸ್, ಮೂರೂ ಪಕ್ಕಪಕ್ಕದಲ್ಲಿ ಇವೆ. ಡಬ್ಬಿ ಒಂದೇ ತರಹ, ಹೆಸರೂ ಒಂದೇ, ಹಿಂದೆ ಒಂದು ಸಣ್ಣ ಅಕ್ಷರ ಬೇರೆ ಅಷ್ಟೇ. 125ರ ಸಿರಪ್ ಬದಲು ಡ್ರಾಪ್ಸ್ ಅನ್ನು ಅದೇ ಅಳತೆಯಲ್ಲಿ ಕೊಟ್ಟರೆ ನಾಲ್ಕು ಪಟ್ಟು ಆಗುತ್ತದೆ. ಹಾಗಾಗಿ ಚೀಟಿ ಹಿಡಿದು ಬಂದಾಗ ‘ಅದು ಇಲ್ಲ, ಇದು ಒಯ್ಯಿರಿ’ ಅಂತ ಅಂಗಡಿಯವನು ಅಂದರೆ, ಒಯ್ಯುವ ಮುಂಚೆ ವಾರ್ಡಿಗೆ ಫೋನ್ ಮಾಡಿ. ಇಲ್ಲಾ ಬಾಟಲಿ ಸಿಸ್ಟರ್ ಕೈಗೆ ಕೊಡುವಾಗ ‘ಇದು ಬೇರೆ ಸ್ಟ್ರೆಂತ್’ ಅಂತ ಬಾಯಿಬಿಟ್ಟು ಹೇಳಿ. ಹಳೇ ಬಾಟಲಿಯ ಲೇಬಲ್ ಫೋಟೋ ಎಲ್ಲರ ಮೊಬೈಲಿನಲ್ಲಿ ಇರಲಿ. ನಿಮ್ಮ ಯಜಮಾನರ ಮೊಬೈಲಿನಲ್ಲಿ ಮುಖ್ಯವಾಗಿ.

ಟ್ಯೂಬಿನ ಮಕ್ಕಳಿಗೆ ಮಾತ್ರೆ ಪುಡಿ ಮಾಡಿ ಹಾಕುತ್ತಾರೆ. ಎಲ್ಲವನ್ನೂ ಹಾಗೆ ಮಾಡಬಾರದು. ದಿನಪೂರ್ತಿ ನಿಧಾನವಾಗಿ ಬಿಡುಗಡೆ ಆಗುವ ಮಾತ್ರೆ ಪುಡಿ ಮಾಡಿದರೆ ಇಡೀ ದಿನದ್ದು ಒಂದೇ ಸಲ ಒಳಗೆ ಹೋಗುತ್ತದೆ. ಹೆಸರಿನ ಮುಂದೆ ಎಸ್‌ಆರ್, ಸಿಆರ್, ಎಕ್ಸ್‌ಆರ್, ಕ್ರೋನೋ ಅಂತೆಲ್ಲಾ ಇದ್ದರೆ ಕೇಳದೆ ಪುಡಿ ಮಾಡಬೇಡಿ. ಫಿಟ್ಸ್‌ಗೆ ಫೆನಿಟಾಯಿನ್ ಸಿರಪ್ ಕೊಡುವವರು ಬಾಟಲಿ ಚೆನ್ನಾಗಿ ಅಲ್ಲಾಡಿಸಲೇಬೇಕು. ಔಷಧ ತಳಕ್ಕೆ ಕೂರುತ್ತದೆ, ಮೊದಮೊದಲು ಕಡಿಮೆ ಹೋಗಿ ಕೊನೆಯ ದಿನಗಳಲ್ಲಿ ಜಾಸ್ತಿ ಹೋಗುತ್ತದೆ. ಅದನ್ನು ಟ್ಯೂಬ್ ಫೀಡ್ ಜೊತೆಗೇ ಕೊಟ್ಟರೂ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಎಷ್ಟು ಅಂತರ ಬಿಡಬೇಕು ಅಂತ ಡಾಕ್ಟರನ್ನು ಕೇಳಿ. ಚಮಚದಲ್ಲಿ ಅಳೆಯಬೇಡಿ, ಒಬ್ಬೊಬ್ಬರ ಮನೆಯ ಚಮಚ ಒಂದೊಂದು ತರಹ. ಸಿರಿಂಜಿನಲ್ಲೇ ಅಳೆಯಿರಿ.

ಕೆಮ್ಮಿನ ಸಿರಪ್ ಕೇಳಿಕೊಂಡು ಬರುವವರಿಗೂ ಒಂದು ಮಾತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ಕೆಮ್ಮಿನ ಸಿರಪ್ ಕುಡಿದು ಕಿಡ್ನಿ ಕೆಟ್ಟು ತೀರಿಕೊಂಡರು, ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷ ಇತ್ತು. ಮೊದಲೇ ಐದಾರು ಔಷಧ ತೆಗೆದುಕೊಳ್ಳುವ ಮಗುವಿಗೆ ಅಂಗಡಿಯಲ್ಲಿ ಕೇಳಿ ಒಂದು ಸಿರಪ್ ತರುವುದು ಬೇಡ. ನಾನು ಕೊಡುವುದಿಲ್ಲ. ಔಷಧದಿಂದ ಏನಾದರೂ ತೊಂದರೆ ಆಯಿತು ಅನ್ನಿಸಿದರೆ ರೋಗಿಯ ಮನೆಯವರೇ ತಿಳಿಸಲು 1800-180-3024 ಅಂತ ಉಚಿತ ನಂಬರ್ ಇದೆ. 2010ರಲ್ಲಿ ಶುರುವಾದ ಸರ್ಕಾರದ್ದೇ ಕಾರ್ಯಕ್ರಮ. ಜನ ಫೋನ್ ಮಾಡುವುದೇ ಇಲ್ಲ.


ಮಡಗಾಂವ್ ಅಮ್ಮ

ನಿಮ್ಮ ಅತ್ತೆಯ ವಿಷಯ ಓದಿ ಕಣ್ಣು ತುಂಬಿತು. ಅವರನ್ನು ಯಾರೂ ಬೈದಿಲ್ಲ ತಾನೇ?

ನನ್ನ ಮಗಳಿಗೆ ಹುಟ್ಟಿನಿಂದ ಸ್ಪೈನಾ ಬೈಫಿಡಾ, ಅಂದರೆ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿಲ್ಲ, ತಲೆಯಲ್ಲಿ ಶಂಟ್ ಇದೆ, ಮಿದುಳಲ್ಲಿ ತುಂಬುವ ನೀರು ಇಳಿಸುವ ನಳಿಗೆ. ಇಂಥ ಮಕ್ಕಳಿಗೆ ರಬ್ಬರ್ ಅಂದರೆ ಲೇಟೆಕ್ಸ್ ಅಲರ್ಜಿ ಬರುವುದು ಬೇರೆ ಮಕ್ಕಳಿಗಿಂತ ತುಂಬಾ ಜಾಸ್ತಿ, ಸಣ್ಣ ವಯಸ್ಸಿನಿಂದಲೇ ಆಪರೇಷನ್, ಕ್ಯಾಥೆಟರ್ ಅಂತ ರಬ್ಬರ್ ತಾಗುತ್ತಾ ಇರುತ್ತದಲ್ಲ. ನಾನು ಅವಳ ಕೈಪಟ್ಟಿಯಲ್ಲೇ ಬರೆಸಿದ್ದೇನೆ. ಗ್ಲೌಸ್ ಬದಲಾಯಿಸಿ ಅಂತ ಪ್ರತಿ ಸಲ ಹೇಳುತ್ತೇನೆ. ಹಲ್ಲಿನ ಡಾಕ್ಟರ್ ಹತ್ತಿರವೂ.

ನಾನು ಬರೆಯಬೇಕು ಅಂದುಕೊಂಡದ್ದು ಬೇರೆ. ಎರಡು ವರ್ಷದ ಹಿಂದೆ ಅವಳು ವಾಂತಿ ಮಾಡುತ್ತಿದ್ದಳು, ಮಂಪರು ಇತ್ತು. ಮನೆ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಹೊಟ್ಟೆ ಕೆಟ್ಟಿದೆ ಅಂತ ಓಆರ್‌ಎಸ್ ಕೊಟ್ಟು ಕಳಿಸಿದರು. ಭೇದಿ ಇರಲಿಲ್ಲ. ಅವಳು ಅವಳ ಹಾಗಿರಲಿಲ್ಲ, ಅಷ್ಟೇ. ಹೇಗೆ ಅಂತ ಕೇಳಿದರೆ ನನಗೆ ಹೇಳಲು ಬರಲಿಲ್ಲ. ಸಂಜೆ ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ಕರೆದುಕೊಂಡು ಹೋದೆವು, ಸ್ಕ್ಯಾನ್ ಮಾಡಿದರು, ಶಂಟ್ ಕಟ್ಟಿತ್ತು. ಅದೇ ರಾತ್ರಿ ಆಪರೇಷನ್ ಆಯಿತು. ಶಂಟ್ ಇರುವ ಮಗುವಿಗೆ ವಾಂತಿ ಮತ್ತು ಮಂಪರು ಒಟ್ಟಿಗೆ ಬಂದರೆ ಮೊದಲು ಶಂಟ್ ನೋಡಬೇಕು ಅಂತ ಈಗ ನನ್ನ ಹಾಳೆಯ ಮೊದಲ ಸಾಲು.

ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಅನ್ನುವ 13 ವರ್ಷದ ಹುಡುಗಿ 2021ರಲ್ಲಿ ಆಸ್ಪತ್ರೆಯಲ್ಲೇ ಸೆಪ್ಸಿಸ್, ಅಂದರೆ ಸೋಂಕು ಮೈಯೆಲ್ಲಾ ಕೆಡಿಸುವುದು, ಆಗಿ ತೀರಿಕೊಂಡಳು. ಅವಳ ಸ್ಥಿತಿ ಕೆಡುತ್ತಿದೆ ಅಂತ ತಂದೆ ತಾಯಿ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅವರು ಹೋರಾಡಿ, 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಮಾರ್ಥಾಸ್ ರೂಲ್ ಬಂದಿದೆ. ಮನೆಯವರಿಗೆ ಆತಂಕ ಆದರೆ ಬೇರೆ ಒಂದು ತಂಡವನ್ನು ನೇರವಾಗಿ ಕರೆಸಿ ಮತ್ತೊಮ್ಮೆ ನೋಡಿಸಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಾಯನ್ಸ್ ರೂಲ್ ಅಂತ ಅದಕ್ಕೂ ಮುಂಚೆಯೇ ಇದೆ, ಅದೂ ಒಂದು ಮಗುವಿನ ಹೆಸರೇ. ನೀವು ಸೇರುವ ದಿನವೇ ಕೇಳಿಟ್ಟುಕೊಳ್ಳಿ: ರಾತ್ರಿ ನನಗೆ ಏನೋ ಸರಿ ಇಲ್ಲ ಅನ್ನಿಸಿದರೆ, ಡ್ಯೂಟಿ ಡಾಕ್ಟರ್ ಬರಲಿಲ್ಲ ಅಂದರೆ, ಅವರ ಮೇಲೆ ಯಾರಿಗೆ ಫೋನ್ ಮಾಡಬೇಕು? ಹೆಸರು, ನಂಬರ್ ಬರೆದುಕೊಳ್ಳಿ. ಹಗಲು ಸಮಾಧಾನದಲ್ಲಿ ಕೇಳಿದರೆ ಕೊಡುತ್ತಾರೆ.

ಡಿಸ್ಚಾರ್ಜ್ ಆಗುವಾಗ ಪೂರ್ತಿ ಕೇಸ್ ಪೇಪರಿನ ಪ್ರತಿ ಕೇಳಿ. ಬರೆದು ಕೇಳಿದರೆ 72 ಗಂಟೆಯಲ್ಲಿ ಕೊಡಬೇಕು ಅಂತ 2002ರ ವೈದ್ಯರ ನಿಯಮಗಳಲ್ಲೇ ಇದೆ. ಮುಂದಿನ ಆಸ್ಪತ್ರೆಗೆ ಅದು ಬೇಕಾಗುತ್ತದೆ.


ಪುಟ್ಟನ ಅಮ್ಮ, ಡೊಂಬಿವಲಿ

ಎಲ್ಲರಿಗೂ ತುಂಬಾ ಧನ್ಯವಾದ. ಎರಡು ದಿನದಿಂದ ಇದನ್ನೇ ಓದುತ್ತಾ ಇದ್ದೇನೆ. ಅತ್ತೆಗೂ ಓದಿ ಹೇಳಿದೆ. ಅವರನ್ನು ಯಾರೂ ಬೈಯಲಿಲ್ಲ, ಆದರೆ ಅವರು ಇವತ್ತಿಗೂ ಆ ಮಾತು ಬಂದರೆ ಎದ್ದು ಅಡುಗೆ ಮನೆಗೆ ಹೋಗುತ್ತಾರೆ.

ನಿನ್ನೆ ಅರಿವಳಿಕೆ ಡಾಕ್ಟರನ್ನು ನೋಡಿ ಬಂದೆವು. ಸಿಸ್ಟರ್, ನೀವು ಹೇಳಿದ ಹಾಗೆ ಒಂದೊಂದೇ ಹೆಸರು ಹಿಡಿದು ಕೇಳಿದೆ. ಲೆವೆಟಿರಾಸೆಟಾಮ್ ಬೆಳಗ್ಗೆ 6ಕ್ಕೆ ಟ್ಯೂಬಿನಲ್ಲಿ ಕೊಡಿ ಅಂದರು. ಬ್ಯಾಕ್ಲೋಫೆನ್ ಹೌದು, ಅವನಿಗೆ ಇದೆ, ಅದೂ ನಿಲ್ಲಿಸಬೇಡಿ ಅಂದರು. ಎರಡನ್ನೂ ಬರೆದುಕೊಟ್ಟರು. ಅವರೇ ‘ನೋವಾದರೆ ಹೇಗೆ ಮಾಡುತ್ತಾನೆ’ ಅಂತ ಕೇಳಿದಾಗ ನಾನು ಒಂದು ನಿಮಿಷ ಸುಮ್ಮನೆ ಕೂತೆ. ಅವನು ಅಳುವುದಿಲ್ಲ. ಕೆಳತುಟಿ ಒಳಗೆ ಎಳೆದುಕೊಳ್ಳುತ್ತಾನೆ, ಎಡಗೈ ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತದೆ. ಏಳು ವರ್ಷದಿಂದ ನೋಡುತ್ತಿದ್ದೇನೆ, ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಅದನ್ನು ಹಾಳೆಯ ಮೇಲ್ಗಡೆ ಬರೆದಿದ್ದೇನೆ, ತುಟಿಯ ಫೋಟೋ ಸಮೇತ.

ಹಾಳೆ ತಯಾರಾಗಿದೆ. 6 ಪ್ರತಿ ಮಾಡಿಸಿದ್ದೇನೆ, ಒಂದು ಮಂಚಕ್ಕೆ, ಒಂದು ಫೈಲಿಗೆ, ಒಂದು ಅತ್ತೆಯ ಬ್ಯಾಗಿಗೆ. ಅತ್ತೆಗೆ ಸಂಖ್ಯೆ ಹೇಳುವ ಕೆಲಸವೇ ಇಲ್ಲ ಈಗ. ಯಾರು ಏನು ಕೇಳಿದರೂ ಮರಾಠಿಯಲ್ಲಿ ‘ಕಾಗದ ಬಘಾ’ (ಕಾಗದ ನೋಡಿ) ಅಂತ ಹಾಳೆ ಮುಂದೆ ಹಿಡಿಯಬೇಕು. ಮನೆಯಲ್ಲಿ ಎರಡು ಸಲ ಮಾಡಿ ನೋಡಿದೆವು. ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತಲೂ ಕೇಳಿದೆ. ವಾರ್ಡಿನ ದೊಡ್ಡ ಸಿಸ್ಟರ್ ತಮ್ಮ ಎಕ್ಸ್‌ಟೆನ್ಷನ್ ನಂಬರ್ ಬರೆದುಕೊಟ್ಟರು.


ವಾರ್ಡ್ ಸಿಸ್ಟರ್, ಠಾಣೆ

ತುಂಬಾ ಒಳ್ಳೆಯದು ಅಕ್ಕ. ಒಂದೇ ಪ್ರಶ್ನೆ. 14 ಕೆಜಿ ಅಂತ ಬರೆದಿದ್ದೀರಲ್ಲ, ಅದು ಯಾವಾಗ ನೋಡಿದ್ದು? ಅರಿವಳಿಕೆ ಔಷಧ ಎಲ್ಲಾ ಆ ಒಂದು ಸಂಖ್ಯೆಯ ಮೇಲೆ ಲೆಕ್ಕ ಹಾಕುವುದು.


ಪುಟ್ಟನ ಅಮ್ಮ, ಡೊಂಬಿವಲಿ

ನ್ಯುಮೋನಿಯಾಕ್ಕೆ ಮುಂಚೆ ನೋಡಿದ್ದು. ಈಗ ಅವನನ್ನು ಎತ್ತಿಕೊಂಡು ನಾನು ತೂಕದ ಮಷೀನ್ ಮೇಲೆ ನಿಂತೆ, ಆಮೇಲೆ ನಾನೊಬ್ಬಳೇ ನಿಂತೆ, ಕಳೆದು ನೋಡಿದೆ. 12.8 ಬಂತು. ಮತ್ತೆ ಮಾಡಿದೆ, 12.8ಏ. ಈಗಲೇ ಆಪರೇಷನ್ ಆಗುವ ಆಸ್ಪತ್ರೆಗೆ ಫೋನ್ ಮಾಡಿ ಹೇಳಿದೆ. ನಾಳೆ ಬೆಳಗ್ಗೆ ಕರೆದುಕೊಂಡು ಬನ್ನಿ, ಇಲ್ಲೇ ತೂಗಿ ಔಷಧದ ಲೆಕ್ಕ ಎಲ್ಲಾ ಮತ್ತೆ ನೋಡುತ್ತೇವೆ ಅಂದಿದ್ದಾರೆ. ಆ 6 ಹಾಳೆಯನ್ನೂ ಹರಿದು ಹಾಕಿದ್ದೇನೆ.